ಹಳೇ ಬೆಂಜಿನ ಸವಕಳಿ ಯಾರ ತಲೆಗೆ?



ರೈತ ಬೆಂಜ್ ಕಾರಿನಲ್ಲಿ ಓಡಾಡ್ತಾನೆ, ಅವನಿಗೆ ಬೆಂಬಲ ಬೆಲೆ ಯಾಕೆ, ಸಾಲ ಮನ್ನಾ ಯಾಕೆ ಎಂಬ ಮಾತನ್ನು ಪಟ್ಟಣದ ವಿದ್ಯಾವಂತರು ಆಡುವುದು ಹೊಸದೇನಲ್ಲ. 2020-21ರಲ್ಲಿ ದೆಹಲಿಯ ಗಡಿಯಲ್ಲಿ ರೈತರು ಚಳಿ ಮಳೆ ಎನ್ನದೆ ಒಂದು ವರ್ಷಕ್ಕೂ ಮೇಲೆ ಕೂತಿದ್ದಾಗ, ಅಲ್ಲಿ ನಿಂತಿದ್ದ ನಾಲ್ಕು ದೊಡ್ಡ ಕಾರುಗಳ ಫೋಟೋ ಹಿಡಿದುಕೊಂಡು ಇದೇ ಮಾತನ್ನು ದೇಶದ ತುಂಬಾ ಹರಡಿದರು. ಮೊನ್ನೆ ನಮ್ಮ ತಾಲ್ಲೂಕಿನ ಒಂದು ಬ್ಯಾಂಕಿನಲ್ಲಿ ಟ್ರಾಕ್ಟರ್ ಸಾಲದ ಅರ್ಜಿ ಹಿಡಿದು ನಾವು ಮೂವರು ಹೋಗಿದ್ದಾಗ ಅಲ್ಲಿಯ ಅಧಿಕಾರಿಯೊಬ್ಬರೂ ಇದನ್ನೇ ನಗುತ್ತಾ ಅಂದರು. "ಏನ್ರೀ, ನಿಮ್ಮೂರ ಹುಡುಗರೆಲ್ಲ ಬೆಂಜು, ಬಿ.ಎಂ.ಡಬ್ಲ್ಯೂ. ಓಡಿಸ್ತಾರೆ, ನೀವು ಬಡ್ಡಿ ಜಾಸ್ತಿ ಅಂತೀರಿ!" ನಾನು ಅಲ್ಲಿ ಸುಮ್ಮನೆ ಬಂದೆ. ಯಾಕಂದ್ರೆ ಅವರಿಗೆ ಕೊಡಬೇಕಾದ ಉತ್ತರ ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ ಆ ಬೆಂಜ್ ಕಾರಿನ ಬೆಲೆ ಎಷ್ಟು ಅಂತ ಯಾರಾದರೂ ವಿಚಾರಿಸಿದ್ದೀರಾ? ಬೆಂಗಳೂರಿನಲ್ಲಿ ಬಳ್ಳಾರಿ ರಸ್ತೆಯ ಕಡೆಯೋ ಹೊಸೂರು ರಸ್ತೆಯ ಕಡೆಯೋ ಹೋಗಿ, ಹಳೇ ಕಾರು ಮಾರುವ ಅಂಗಡಿಯ ಗಾಜಿನ ಬಾಗಿಲು ತಳ್ಳಿ ಒಳಗೆ ನಡೀರಿ. 2011-12ರ ಮಾದರಿಯ ಬೆಂಜ್ ಇ-ಕ್ಲಾಸ್, ಬಿ.ಎಂ.ಡಬ್ಲ್ಯೂ. ಐದನೇ ಸೀರೀಸು, ಆಡಿ ಎ6, ಈ ಮೂರೂ ಹೊಸದರಲ್ಲಿ 40 ಲಕ್ಷದ ಮೇಲೆ ಕೆಳಗೆ ಇದ್ದ ಗಾಡಿಗಳು. ಈಗ ಅವು ಓಡಿದ ದೂರ, ಕೈ ಬದಲಾದ ಲೆಕ್ಕ, ಮೈಮೇಲಿನ ಗಾಯ ನೋಡಿಕೊಂಡು 7 ಲಕ್ಷದಿಂದ 11-12 ಲಕ್ಷದೊಳಗೆ ಸಿಕ್ತವೆ. 45 ಎಚ್.ಪಿ.ಯ ಒಂದು ಹೊಸ ಟ್ರಾಕ್ಟರಿಗೂ ಹೆಚ್ಚು ಕಡಿಮೆ ಇಷ್ಟೇ ಬೇಕು, ಟ್ರೈಲರು ರೋಟವೇಟರು ಸೇರಿಸಿದರೆ ಟ್ರಾಕ್ಟರೇ ದುಬಾರಿ. ಹಾಗಾಗಿ ಹಳ್ಳಿ ರಸ್ತೆಯಲ್ಲಿ ಮೂರು ಮೂಲೆ ನಕ್ಷತ್ರದ ಕಾರು ಕಂಡ ಕೂಡಲೇ ಕಣ್ಣು ಕೆಂಪಗೆ ಮಾಡಿಕೊಳ್ಳುವ ಮಹನೀಯರು ತಿಳಿಯಬೇಕಾದ್ದು ಏನೆಂದರೆ, ಅದು ರೈತನ ಐಶ್ವರ್ಯ ಅಲ್ಲ. ಪಟ್ಟಣದವರು ಮೂಳೆ ಉಳಿಸಿ ಕೊಟ್ಟ ಮಾಂಸ.

ನಲವತ್ತು ಲಕ್ಷದ ಕಾರು ಹತ್ತು ಹನ್ನೆರಡು ವರ್ಷದಲ್ಲಿ ಎಂಟು ಲಕ್ಷಕ್ಕೆ ಬಂತು ಅಂದ್ರೆ ನಡುವೆ 32 ಲಕ್ಷ ಎಲ್ಲಿ ಹೋಯಿತು? ಇದಕ್ಕೆ ಸವಕಳಿ ಅಂತಾರೆ. ಸವಕಳಿ ಅನ್ನೋದು ಗಾಳಿಯಲ್ಲಿ ಕರಗುವ ಕರ್ಪೂರ ಅಲ್ಲ, ಯಾರದ್ದಾದರೂ ಕಿಸೆಯಿಂದ ಹೋಗಲೇಬೇಕು. ಯಾರ ಕಿಸೆಯಿಂದ ಎಷ್ಟು ಅನ್ನೋದೇ ಈ ಲೇಖನದ ವಿಚಾರ.

ಮೊದಲ ಯಜಮಾನನಿಂದ ಶುರು ಮಾಡೋಣ. ಇಂಥ ಕಾರನ್ನು ತನ್ನ ಸ್ವಂತ ದುಡ್ಡಿನಲ್ಲಿ, ಸ್ವಂತ ಹೆಸರಿನಲ್ಲಿ ಕೊಳ್ಳುವವನೇ ಕಡಿಮೆ. ಕಂಪನಿಯ ಹೆಸರಿನಲ್ಲಿ ಕೊಳ್ಳುತ್ತಾನೆ. ಕಂಪನಿಯ ಲೆಕ್ಕದಲ್ಲಿ ಕಾರಿಗೆ ವರ್ಷಕ್ಕೆ ನೂರಕ್ಕೆ 15ರಂತೆ ಸವಕಳಿ ಹಾಕಿ, ಅಷ್ಟನ್ನು ಲಾಭದಿಂದ ಕಳೆದು ಆದಾಯ ತೆರಿಗೆ ಲೆಕ್ಕ ಕೊಡಲು ಕಾನೂನಿನಲ್ಲಿ ಅವಕಾಶ ಇದೆ. 40 ಲಕ್ಷಕ್ಕೆ ಮೊದಲ ವರ್ಷ 6 ಲಕ್ಷ, ಎರಡನೇ ವರ್ಷ 5 ಲಕ್ಷದ 10 ಸಾವಿರ, ಹೀಗೆ ಇಳಿಯುತ್ತಾ ಐದು ವರ್ಷಕ್ಕೆ 22 ಲಕ್ಷದ ಮೇಲೆ ಕಳೆಯಬಹುದು. ನೂರಕ್ಕೆ 30ರ ತೆರಿಗೆ ಎಂದು ಹಿಡಿದರೆ ಆರೂವರೆ ಲಕ್ಷದ ಮೇಲೆ ತೆರಿಗೆ ಉಳೀತು. 2019ರ ಆಗಸ್ಟ್ 23ರಿಂದ 2020ರ ಮಾರ್ಚ್ ಕೊನೆಯವರೆಗೆ ಕಾರು ವ್ಯಾಪಾರ ಬಿದ್ದುಹೋಗಿದೆ ಅಂತ ಕಾರ್ಖಾನೆಯವರು ಅತ್ತಾಗ, ಕೇಂದ್ರ ಸರ್ಕಾರ ಆ ಅವಧಿಯಲ್ಲಿ ಕೊಂಡ ಕಾರುಗಳಿಗೆ ಈ 15ನ್ನು 30 ಮಾಡಿಕೊಟ್ಟಿತು. ಟೊಮೆಟೊ ಬೆಲೆ ಬಿದ್ದಾಗ ನಾವು ರಸ್ತೆಗೆ ಸುರಿದು ಅತ್ತರೆ ಬರೋದು ಪೊಲೀಸ್ ಜೀಪು. ಅವರು ಅತ್ತರೆ ಗೆಜೆಟ್ ಅಧಿಸೂಚನೆ ಬರುತ್ತೆ.

ಇನ್ನು ಕಂಪನಿಯ ಕಾರಿನಲ್ಲಿ ಕೂತು ಓಡಾಡುವ ಸಾಹೇಬರ ವಿಚಾರ. ಕಂಪನಿ ಕಾರು ಕೊಟ್ಟು ಪೆಟ್ರೋಲನ್ನೂ ಹಾಕಿಸಿ, ಅದನ್ನು ಆಫೀಸಿನ ಕೆಲಸಕ್ಕೂ ಮನೆಯ ಕೆಲಸಕ್ಕೂ ಬಳಸಿದರೆ, ಆ ಸೌಲಭ್ಯದ ಬೆಲೆ ಇಷ್ಟು ಅಂತ ಕಟ್ಟಿ ಅವರ ಆದಾಯಕ್ಕೆ ಸೇರಿಸಬೇಕು. ವರ್ಷಗಟ್ಟಲೆ ಜಾರಿಯಲ್ಲಿದ್ದ ನಿಯಮದಲ್ಲಿ ಆ ಬೆಲೆ ಎಷ್ಟಿತ್ತು ಗೊತ್ತೇನು? 1.6 ಲೀಟರಿಗಿಂತ ದೊಡ್ಡ ಎಂಜಿನ್ನಿನ ಕಾರಿಗೆ ತಿಂಗಳಿಗೆ 2,400 ರೂಪಾಯಿ. ಕಾರು 20 ಲಕ್ಷದ್ದಾಗಲಿ 80 ಲಕ್ಷದ್ದಾಗಲಿ ಅಷ್ಟೇ. ಒಂದು ಜೊತೆ ಎತ್ತಿಗೆ ತಿಂಗಳಿಗೆ ಹುಲ್ಲು, ಹಿಂಡಿ, ಬೂಸ ಎಷ್ಟಾಗುತ್ತೆ ಅಂತ ನಮ್ಮ ಹೆಂಗಸರನ್ನು ಕೇಳಿ.

ಐದು ವರ್ಷ ಹೀಗೆ ಓಡಿಸಿ, ಕಾರ್ಖಾನೆಯ ವಾರಂಟಿ ಮುಗಿದು ಖರ್ಚಿನ ಕಾಲ ಶುರುವಾಗುವ ಹೊತ್ತಿಗೆ ಸರಿಯಾಗಿ ಮೊದಲ ಯಜಮಾನ ಕೈ ತೊಳೆದುಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಅದು ಎರಡನೇ ಕೈ, ಮೂರನೇ ಕೈ. ಹಳೇ ಕಾರು ವ್ಯಾಪಾರಿಗೂ ಸರ್ಕಾರ ಕರುಣೆ ತೋರಿಸಿದೆ. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿ ಎಲ್ಲಾ ಹಳೇ ಕಾರಿಗೂ 18ರ ತೆರಿಗೆ ಅಂತ ನಿರ್ಣಯ ಮಾಡಿದಾಗ ಪತ್ರಿಕೆಗಳಲ್ಲಿ ದೊಡ್ಡ ಗುಲ್ಲೆದ್ದಿತು. ಆದರೆ ಆ 18 ಇರೋದು ವ್ಯಾಪಾರಿಯ ಲಾಭದ ಮೇಲೆ ಮಾತ್ರ. ಎಂಟಕ್ಕೆ ಕೊಂಡು ಒಂಬತ್ತಕ್ಕೆ ಮಾರಿದರೆ ಒಂದು ಲಕ್ಷದ ಮೇಲೆ ತೆರಿಗೆ, ನಷ್ಟಕ್ಕೆ ಮಾರಿದರೆ ತೆರಿಗೆಯೇ ಇಲ್ಲ. ನ್ಯಾಯವೇ ಸರಿ, ನಾನು ತಕರಾರು ಮಾಡುವುದಿಲ್ಲ. ನನ್ನ ಪ್ರಶ್ನೆ ಬೇರೆ. ನಾವು ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೂ ಅದೇ 18 ಇದೆಯಲ್ಲ, ಅದು ಯಾರ ಲಾಭದ ಮೇಲೆ? ಪೂರ್ತಿ ಬೆಲೆಯ ಮೇಲೆ. ಬೆಳೆ ನೆಲಕಚ್ಚಿ ನಮಗೆ ನಷ್ಟವಾದರೆ ಆ ತೆರಿಗೆ ವಾಪಸು ಕೊಟ್ಟ ಮಂಡಳಿಯನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರಿನ ಜಿ.ಎಸ್.ಟಿ.ಯನ್ನು 12ರಿಂದ 5ಕ್ಕೆ ಇಳಿಸಿದರು, ಟೈರು ಬಿಡಿಭಾಗಗಳದ್ದನ್ನೂ 18ರಿಂದ 5ಕ್ಕೆ ತಂದರು. ಒಳ್ಳೇದಾಯ್ತು, ಒಪ್ಪುತ್ತೇನೆ. ಆದರೆ ಅದೇ ದಿನ ದೊಡ್ಡ ಕಾರುಗಳ ತೆರಿಗೆಯೂ ಸೆಸ್ಸು ಸೇರಿ 48, 50 ಇದ್ದದ್ದು 40ಕ್ಕೆ ಇಳಿಯಿತು ಅನ್ನೋದನ್ನ ಯಾರೂ ಜೋರಾಗಿ ಹೇಳಲಿಲ್ಲ. ಐವತ್ತು ಲಕ್ಷದ ಕಾರಿನಲ್ಲಿ ನೂರಕ್ಕೆ ಎಂಟು ಇಳಿದರೂ ಎಷ್ಟು ಲಕ್ಷ ಉಳಿಯಿತು, ಲೆಕ್ಕ ಹಾಕಿಕೊಳ್ಳಿ. ಹೊಸ ಕಾರು ಅಗ್ಗವಾದಾಗ ಹಳೇ ಕಾರಿನ ಬೆಲೆಯೂ ಜೊತೆಗೇ ಕೆಳಗೆ ಬೀಳುತ್ತೆ. ಅದಕ್ಕೆ ಹಿಂದಿನ ತಿಂಗಳು ಸಾಲ ಮಾಡಿ ಹಳೇ ಗಾಡಿ ತಂದಿದ್ದ ಹಳ್ಳಿ ಹುಡುಗನ ಕೈಯಲ್ಲಿ ಆ ಇಳಿತ ಉಳಿಯಿತು.

ಈಗ ಈ ಕಾರು ಹುಟ್ಟುವ ಊರಿನ ಮಾತು. ಪುಣೆ ಜಿಲ್ಲೆಯ ಚಾಕಣ್ ಹೆಸರು ನಮ್ಮ ಚಳವಳಿಯ ಹಿರಿಯರಿಗೆ ಮರೆತಿರಲಾರದು. 1980ರಲ್ಲಿ ಶರದ್ ಜೋಶಿಯವರು ಈರುಳ್ಳಿ ಬೆಲೆಗಾಗಿ ರೈತರನ್ನು ಬೀದಿಗೆ ಇಳಿಸಿದ ಊರು ಅದು. ಅದೇ ವರ್ಷ ಇಲ್ಲಿ ನರಗುಂದ, ನವಲಗುಂದದಲ್ಲಿ ನಮ್ಮವರು ಗುಂಡಿಗೆ ಎದೆ ಕೊಟ್ಟರು. ಆ ಚಾಕಣ್‌ನಲ್ಲಿ 2009ರಿಂದ ಬೆಂಜ್ ಕಾರ್ಖಾನೆ ನಡೀತಾ ಇದೆ. ಒಂದೇ ಊರು, ಎರಡು ಮಾಲು. ಕಾರ್ಖಾನೆಯಿಂದ ಬರುವ ಕಾರಿಗೆ ಬೆಲೆ ಕಟ್ಟುವವನು ಕಾರ್ಖಾನೆಯವನು. ಕಬ್ಬಿಣ, ಕೂಲಿ, ನೆಲದ ಬೆಲೆ, ಹಾಕಿದ ಬಂಡವಾಳಕ್ಕೆ ಬಡ್ಡಿ, ಯಂತ್ರದ ಸವಕಳಿ, ಜಾಹೀರಾತು, ಮೇಲಿನ ಸಾಹೇಬರ ಸಂಬಳ, ಎಲ್ಲಾ ಕೂಡಿ ಅದರ ಮೇಲೆ ಲಾಭ ಇಟ್ಟು ಬೆಲೆ ಬರೆಯುತ್ತಾನೆ. ಮಂಡಿಗೆ ಬರುವ ಈರುಳ್ಳಿಗೆ ಬೆಲೆ ಕಟ್ಟುವವನು ಕೊಳ್ಳುವವನು.

ಅಷ್ಟು ದೂರ ಯಾಕೆ, ನಮ್ಮ ಮೈಸೂರು ರಸ್ತೆಯನ್ನೇ ನೋಡಿ. ಬಿಡದಿಯಲ್ಲಿ ಟೊಯೋಟ ಕಾರ್ಖಾನೆಯಿಂದ 1999ರ ಕೊನೆಯಲ್ಲಿ ಮೊದಲ ಗಾಡಿ ಹೊರಬಂತು. 2020ರಿಂದ ಲೆಕ್ಸಸ್ ಎಂಬ ಐಷಾರಾಮಿ ಸೆಡಾನನ್ನೂ ಅಲ್ಲೇ ಜೋಡಿಸತೊಡಗಿದರು. ಆಗ ಅದರ ಅಂಗಡಿ ಬೆಲೆ 51 ಲಕ್ಷದ 90 ಸಾವಿರದಿಂದ ಶುರು. ಅಲ್ಲಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ಮುಂದೆ ರಾಮನಗರದ ರೇಷ್ಮೆಗೂಡು ಮಾರುಕಟ್ಟೆ. ಗೂಡು ಕಟ್ಟಿ ಕೆಲವೇ ದಿನದಲ್ಲಿ ಮಾರಲಿಲ್ಲ ಅಂದ್ರೆ ಚಿಟ್ಟೆ ಗೂಡು ಕೊರೆದುಕೊಂಡು ಹೊರಗೆ ಬರುತ್ತೆ, ಮಾಲು ಹಾಳು. ಹಾಗಾಗಿ ಬೆಳಗ್ಗೆ ಹರಾಜಿನಲ್ಲಿ ಕೂಗಿದ ಬೆಲೆಗೆ ಕೊಟ್ಟು ಬರಬೇಕು. ಹನ್ನೆರಡು ವರ್ಷದ ಹಳೇ ಕಾರು ಮಾರುವವನು ಕೂಡ ತನ್ನ ಬೆಲೆಯ ಚೀಟಿ ಗಾಜಿಗೆ ಅಂಟಿಸಿ ಆರು ತಿಂಗಳು ಕಾಯ್ತಾನೆ. ಸವೆದು ಹೋದ ಮಾಲಿಗೆ ಇರುವ ಈ ಮರ್ಯಾದೆ ಹೊಸದಾಗಿ ಬೆಳೆದ ಮಾಲಿಗೆ ಯಾಕಿಲ್ಲ ಸ್ವಾಮಿ?

ಬೆಂಬಲ ಬೆಲೆ ಇದೆಯಲ್ಲ ಅಂತೀರಿ. 2025-26ಕ್ಕೆ ರಾಗಿಗೆ 4,886 ರೂಪಾಯಿ ಘೋಷಿಸಿದರು. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಹಿಡಿದ ಖರ್ಚು 3,257, ಅದರ ಮೇಲೆ ಅರ್ಧ ಸೇರಿಸಿದ್ದೇವೆ ಅಂತ ಲೆಕ್ಕ. ಯಾವ ಖರ್ಚು ಇದು? ಕೈಯಿಂದ ಹೋದ ಖರ್ಚು ಮತ್ತು ಮನೆಮಂದಿಯ ಕೂಲಿ. ಇದಕ್ಕೆ ಎ2 ಮತ್ತು ಎಫ್.ಎಲ್. ಅಂತ ಹೆಸರು. ನಮ್ಮ ಉಪಕರಣಗಳ ಸವಕಳಿ ಏನೋ ಇದರಲ್ಲಿ ಸೇರಿದೆ. ಆದರೆ ಸ್ವಂತ ನೆಲಕ್ಕೆ ಗೇಣಿ, ಸ್ವಂತ ಬಂಡವಾಳಕ್ಕೆ ಬಡ್ಡಿ ಸೇರುವುದು ಸಿ2 ಎಂಬ ಇನ್ನೊಂದು ಲೆಕ್ಕದಲ್ಲಿ. ಆ ಲೆಕ್ಕವನ್ನು ಆಯೋಗವೇ ವರ್ಷಾವರ್ಷ ಹಾಕುತ್ತೆ, ಹಾಕಿ ಪಕ್ಕಕ್ಕೆ ಇಡುತ್ತೆ. ಕಾರು ಕಾರ್ಖಾನೆಯವನಿಗೆ, "ನಿನ್ನ ನೆಲದ ಬೆಲೆ, ಬಂಡವಾಳದ ಬಡ್ಡಿ ಬಿಟ್ಟು ಬೆಲೆ ಹಾಕಪ್ಪ" ಅಂತ ಹೇಳಿ ನೋಡಿ, ಮಾರನೇ ದಿನ ಬೀಗ ಹಾಕ್ಕೊಂಡು ಹೋಗ್ತಾನೆ.

ಬಡ್ಡಿಗೆ ಬರೋಣ. ಬೆಳೆ ಸಾಲಕ್ಕೆ ಸಹಕಾರ ಸೊಸೈಟಿಯಲ್ಲಿ ಬಡ್ಡಿ ಇಲ್ಲ, 2023ರಲ್ಲಿ ರಾಜ್ಯ ಸರ್ಕಾರ ಆ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಅದು ಕಾಗದದಲ್ಲಿರುವ ಮಿತಿ. ಸೊಸೈಟಿಯಲ್ಲಿ ಕೈಗೆ ಎಷ್ಟು ಕೊಡುತ್ತಾರೆ ಅನ್ನೋದು ಓದುಗರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕೇಳುತ್ತಿರುವುದು ಟ್ರಾಕ್ಟರ್ ಸಾಲದ ವಿಚಾರ. ಸಂಬಳದವನಿಗೆ ಹೊಸ ಕಾರಿನ ಸಾಲ ಸಾಮಾನ್ಯವಾಗಿ ನೂರಕ್ಕೆ 9ರ ಆಸುಪಾಸು ಸಿಕ್ಕುತ್ತೆ, ಕಾರೊಂದೇ ಆಧಾರ. ಟ್ರಾಕ್ಟರಿಗೆ 11, 12. ಖಾಸಗಿ ಫೈನಾನ್ಸಿನವರಾದರೆ 15 ದಾಟಿಸುತ್ತಾರೆ. ಹಲವು ಬ್ಯಾಂಕುಗಳಲ್ಲಿ ಟ್ರಾಕ್ಟರೂ ಆಧಾರ, ಅದರ ಮೇಲೆ ಜಮೀನೂ ಆಧಾರ, ಪಹಣಿಯಲ್ಲಿ ಋಣದ ಕಲಂ ತುಂಬಿಹೋಗುತ್ತೆ. ಬೆಳೆ ತೆಗೆಯುವ ಯಂತ್ರಕ್ಕೆ ಹೆಚ್ಚಿನ ಬಡ್ಡಿ, ಪೆಟ್ರೋಲು ಕುಡಿಯುವ ಯಂತ್ರಕ್ಕೆ ಕಡಿಮೆ ಬಡ್ಡಿ. ಕಾರಣ ಕೇಳಿದರೆ, "ರೈತರ ಕಂತು ಸರಿಯಾಗಿ ಬರೋಲ್ಲ, ರಿಸ್ಕು" ಅಂತಾರೆ. ಕಂತು ಯಾಕೆ ಬರೋಲ್ಲ ಅನ್ನೋದಕ್ಕೆ ಉತ್ತರ ಮೇಲಿನ ಪ್ಯಾರಾದಲ್ಲಿದೆ.

ಇಷ್ಟು ಹೊರಗಿನವರಿಗೆ. ಇನ್ನು ಮುಂದೆ ಬರೆಯುವುದು ನಮ್ಮ ಮನೆಯ ಹುಡುಗರಿಗೆ. ದೊಡ್ಡವನು ಬೈತಾನೆ ಅಂತ ಅಂದುಕೊಳ್ಳದೆ ಓದಬೇಕು.

ಬೆಂಗಳೂರಿನ ಸುತ್ತ ದೇವನಹಳ್ಳಿ, ಹೊಸಕೋಟೆ, ಬಿಡದಿ, ನೆಲಮಂಗಲ ಕಡೆ ಜಮೀನಿನ ದುಡ್ಡು ಬಂದ ಮನೆಗಳಲ್ಲಿ ಮೊದಲು ಬಾಗಿಲಿಗೆ ಬರುವುದು ಹಳೇ ಐಷಾರಾಮಿ ಕಾರು. ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಬಿಟ್ಟುಕೊಡೋಲ್ಲ ಅಂತ ಮೂರು ವರ್ಷಕ್ಕೂ ಮೇಲೆ ಧರಣಿ ಕೂತು, 2025ರ ಜುಲೈ 15ರಂದು ಸರ್ಕಾರವೇ ಸ್ವಾಧೀನ ಕೈಬಿಡುವಂತೆ ಮಾಡಿದರು. ಅಂಥ ಗಟ್ಟಿ ಜನವೂ ನಮ್ಮಲ್ಲೇ ಇದ್ದಾರೆ. ಆದರೆ ನೆಲ ಹೋದವರ ಮನೆಯಲ್ಲಿ ಆ ದುಡ್ಡು ಏನಾಗುತ್ತೆ ಅನ್ನೋದಕ್ಕೆ ನಾನು ಕಣ್ಣಾರೆ ಕಂಡ ಒಂದು ಲೆಕ್ಕ ಕೊಡುತ್ತೇನೆ. ನಮ್ಮ ಪಕ್ಕದೂರಿನ ಹುಡುಗ, ಹೆಸರು ಬೇಡ. ರಸ್ತೆಗೆ ಹೋದ ಜಮೀನಿನ ದುಡ್ಡು ಬಂದದ್ದೇ 2022ರಲ್ಲಿ 2013ರ ಮಾದರಿಯ ಜರ್ಮನ್ ಸೆಡಾನು ತಂದ, 13 ಲಕ್ಷಕ್ಕೆ. ಏಳು ಲಕ್ಷ ಕೈಯಿಂದ, ಆರು ಲಕ್ಷ ಫೈನಾನ್ಸಿನಿಂದ, ಬಡ್ಡಿ 15, ಮೂರು ವರ್ಷ, ತಿಂಗಳ ಕಂತು 20,800. ಮೂರು ವರ್ಷಕ್ಕೆ ಬಡ್ಡಿಯೇ ಒಂದೂವರೆ ಲಕ್ಷ. ವಿಮೆ, ನಾಲ್ಕು ಟೈರು, ಗೇರುಪೆಟ್ಟಿಗೆಯ ರಿಪೇರಿ, ಎ.ಸಿ., ಎಲ್ಲಾ ಸೇರಿ 4 ಲಕ್ಷ 60 ಸಾವಿರ. ಡೀಸೆಲ್ ಲೆಕ್ಕ ನಾನು ಹಿಡಿದಿಲ್ಲ. 2025ರಲ್ಲಿ ಮಾರಿದಾಗ ಬಂದದ್ದು 5 ಲಕ್ಷ. ಅಂದರೆ ಹದಿನಾಲ್ಕು ಲಕ್ಷ ಹೋಯಿತು. ಗಾಡಿ ಓಡಿದ್ದು ಮದುವೆ, ಗೃಹಪ್ರವೇಶ, ಮಲೆ ಮಾದಪ್ಪನ ಬೆಟ್ಟ, ಇಷ್ಟೇ. ಕಾರು ಕೊಟ್ಟ ಅಂಗಡಿಯವನು 48 ಸಾವಿರ ಕಿಲೋಮೀಟರ್ ಓಡಿದೆ ಅಂದಿದ್ದ. ಆಮೇಲೆ ಮೆಕ್ಯಾನಿಕ್ಕು ಕಂಪ್ಯೂಟರು ಹಾಕಿ ನೋಡಿದರೆ ಗೇರುಪೆಟ್ಟಿಗೆಯ ನೆನಪಿನಲ್ಲಿ ಒಂದು ಲಕ್ಷ 30 ಸಾವಿರ ಇತ್ತು.

ಎತ್ತು ಕೊಳ್ಳುವಾಗ ನಮ್ಮಪ್ಪಂದಿರು ಘಾಟಿ ಜಾತ್ರೆಯಲ್ಲಿ ಬಾಯಿ ಬಿಡಿಸಿ ಹಲ್ಲು ಎಣಿಸೋರು, ಸುಳಿ ನೋಡೋರು, ನಾಲ್ಕು ಹೆಜ್ಜೆ ನಡೆಸೋರು, ನೊಗ ಹೂಡಿ ಎಳೆಸೋರು. ಬಾಯಿಗೂಡಿದ ಎತ್ತನ್ನು ಆರು ಹಲ್ಲು ಅಂತ ಮಾರಲು ಬಂದವನನ್ನು ಜಾತ್ರೆಯಿಂದ ಓಡಿಸೋರು. ಅವರ ಮಕ್ಕಳು, ಮೊಮ್ಮಕ್ಕಳು ಹದಿಮೂರು ಲಕ್ಷದ ಗಾಡಿಯ ಹಲ್ಲು ನೋಡೋಲ್ಲ, ಪಾಲೀಷು ನೋಡ್ತಾರೆ.

ಹಲ್ಲು ನೋಡೋದು ಅಂದ್ರೆ ಏನು? ಮಾರುವವನು ಕೈಗೆ ಕೊಡುವ ಪಟ್ಟಿಯಲ್ಲಿ ಬರೆದಿರೋದನ್ನ ಮೊದಲು ಓದೋಣ. ಬೆಂಜ್ ಇ-250 ಡೀಸೆಲ್: 2,143 ಸಿ.ಸಿ., 204 ಎಚ್.ಪಿ. ಬಿ.ಎಂ.ಡಬ್ಲ್ಯೂ. 520ಡಿ: 1,995 ಸಿ.ಸಿ., 184 ಎಚ್.ಪಿ. ನಮ್ಮ ನಾಲ್ಕೂವರೆ ಎಕರೆ ಉಳುವ ಟ್ರಾಕ್ಟರಿನದು 45 ಎಚ್.ಪಿ. ಅಲ್ಲಿಗೆ ನಾಲ್ಕು ಟ್ರಾಕ್ಟರಿನ ಶಕ್ತಿ ಒಂದು ಕಾರಿನಲ್ಲಿ! ಈ ಶಕ್ತಿ ನಮ್ಮೂರ ಗುಂಡಿ ಬಿದ್ದ ರಸ್ತೆಯಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತೆ? ಮಳೆಗಾಲದಲ್ಲಿ ಕೆಸರಿಗೆ ಸಿಕ್ಕಿಕೊಂಡ ಅದೇ ಕಾರನ್ನು ಎಳೆಯೋಕೆ 45ರ ಟ್ರಾಕ್ಟರೇ ಹೋಗಬೇಕು.

ಪಟ್ಟಿಯಲ್ಲಿ ಬರೆಯದೇ ಇರೋದು ಇಲ್ಲಿದೆ. ನಾನು ಹೇಳಿದ ಆ ಎರಡೂ ಡೀಸೆಲ್ ಎಂಜಿನ್ನುಗಳಲ್ಲಿ ಟೈಮಿಂಗ್ ಸರಪಳಿ ಇರುವುದು ಎಂಜಿನ್ನಿನ ಹಿಂಬದಿಯಲ್ಲಿ, ಗೇರುಪೆಟ್ಟಿಗೆಯ ಕಡೆ. ಅದು ಸವೆದು ಸದ್ದು ಮಾಡತೊಡಗಿದರೆ ಎಂಜಿನ್ನನ್ನೋ ಗೇರುಪೆಟ್ಟಿಗೆಯನ್ನೋ ಇಳಿಸದೆ ಕೈ ಹೋಗುವುದಿಲ್ಲ. ಸರಪಳಿಯ ಬೆಲೆಗಿಂತ ಇಳಿಸಿ ಏರಿಸುವ ಕೂಲಿ ದೊಡ್ಡದು. ಬಿ.ಎಂ.ಡಬ್ಲ್ಯೂ.ಗೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರು ಹಾಕಿರುತ್ತಾರೆ, ಹಾಗಾಗಿ ಸ್ಟೆಪ್ನಿ ಇರೋದೇ ಅಪರೂಪ, ಒಂದೊಂದು ಟೈರು 20 ಸಾವಿರದ ಹತ್ತಿರ. ಮುಂದಿನ ದೀಪ ಒಂದು ಒಡೆದರೆ ಲಕ್ಷ ದಾಟುತ್ತೆ. ರಾಗಿ ಎಕರೆಗೆ ಹತ್ತು ಕ್ವಿಂಟಾಲು ಬಂದು, ಅಷ್ಟೂ ಬೆಂಬಲ ಬೆಲೆಗೇ ಹೋಯಿತು ಅಂತ ಹಿಡಿದರೂ 48,860 ರೂಪಾಯಿ. ಎರಡು ಎಕರೆಯ ಪೂರ್ತಿ ಫಸಲು ಒಂದು ದೀಪಕ್ಕೆ ಸಾಲೋದಿಲ್ಲ. ಕಾರಿನ ಬೆಲೆ ಎಂಟು ಲಕ್ಷಕ್ಕೆ ಇಳಿದಿರಬಹುದು, ಬಿಡಿಭಾಗದ ಬೆಲೆ ಇನ್ನೂ ನಲವತ್ತು ಲಕ್ಷದ ಕಾರಿನದ್ದೇ. ಅದು ಒಂದು ರೂಪಾಯಿಯೂ ಸವೆದಿರೋದಿಲ್ಲ.

ವ್ಯಾಗನ್ ಎಂಬ ಜಾತಿಯೊಂದಿದೆ. ಗೂಡ್ಸ್ ರೈಲಿನ ವ್ಯಾಗನ್ ಅಲ್ಲ, ಸೆಡಾನಿನ ಡಿಕ್ಕಿಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಉದ್ದ ಮಾಡಿದ ಕಾರು. ಸ್ವೀಡನ್ನು, ಜರ್ಮನಿಯ ಕಡೆ ಸಂಸಾರಸ್ಥರು ಸಾಮಾನು ತುಂಬಿಕೊಂಡು ಓಡಾಡಲು ಇಟ್ಟುಕೊಳ್ಳುವ ಗಾಡಿ ಇದು. ನಮ್ಮಲ್ಲಿ 1992ರಲ್ಲಿ ಟಾಟಾದವರು ಎಸ್ಟೇಟ್ ಅಂತ ಒಂದನ್ನು ತಂದರು, ಜನ ಒಲಿಯಲಿಲ್ಲ. ಆಮೇಲೆ 2017ರಲ್ಲಿ ವೋಲ್ವೋ ವಿ90 ಕ್ರಾಸ್ ಕಂಟ್ರಿ 60 ಲಕ್ಷಕ್ಕೆ, 2018ರಲ್ಲಿ ಬೆಂಜ್ ಇ-ಕ್ಲಾಸ್ ಆಲ್ ಟೆರೇನ್ 75 ಲಕ್ಷಕ್ಕೆ ಬಂದವು. ಪಟ್ಟಿ ನೋಡಿದರೆ ನಮ್ಮಂಥವರಿಗೇ ಮಾಡಿದ ಹಾಗಿದೆ. ವೋಲ್ವೋ ನೆಲದಿಂದ 210 ಮಿಲಿಮೀಟರ್ ಎತ್ತರ, ನಾಲ್ಕೂ ಚಕ್ರಕ್ಕೆ ಎಳೆತ. ಬೆಂಜಿನದು 640 ಲೀಟರಿನ ಡಿಕ್ಕಿ, ಎರಡು ಮೂಟೆ ಬೂಸ ಹಿಡಿಯುತ್ತೆ. ಆದರೆ ದೇಶದಲ್ಲೇ ಬೆರಳೆಣಿಕೆಯ ಗಾಡಿ ಇರುವುದರಿಂದ ಹಳೇದಾದರೆ ಕೇಳುವವರು ಕಡಿಮೆ, ಬಿಡಿಭಾಗ ಸಿಕ್ಕುವುದೂ ಕಷ್ಟ. ಬೆಂಜಿನದ್ದು ಗಾಳಿ ತುಂಬಿದ ಚೀಲದ ಸಸ್ಪೆನ್ಷನ್ನು. ರಬ್ಬರಿನ ಚೀಲ ವಯಸ್ಸಾಗಿ ಬಿರುಕು ಬಿಟ್ಟಿತೋ, ಬೆಳಗ್ಗೆ ಎದ್ದು ನೋಡುವಾಗ ಕಾರು ಮಲಗಿದ ಎಮ್ಮೆಯ ಹಾಗೆ ಕೂತಿರುತ್ತೆ. ಅಗ್ಗಕ್ಕೆ ಸಿಕ್ಕಿತು ಅಂತ ಯಾರಾದರೂ ಹೇಳಿದರೆ, ಯಾಕೆ ಅಗ್ಗ ಅಂತ ಕೇಳಿ.

ಕಾರ್ಖಾನೆಯ ಪಟ್ಟಿಯೇ ಸುಳ್ಳಾಗಿದ್ದ ಕಥೆಯೂ ಇದೆ. ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಡೀಸೆಲ್ ಕಾರುಗಳಲ್ಲಿ, ಪರೀಕ್ಷೆ ನಡೆಯುವಾಗ ಮಾತ್ರ ಹೊಗೆ ಕಡಿಮೆ ತೋರಿಸುವ ಸಾಫ್ಟ್‌ವೇರ್ ಇಟ್ಟು ವರ್ಷಗಟ್ಟಲೆ ಮಾರಿದ್ದು 2015ರಲ್ಲಿ ಅಮೆರಿಕದಲ್ಲಿ ಸಿಕ್ಕಿಬಿತ್ತು. ಪ್ರಪಂಚದಲ್ಲಿ ಸುಮಾರು 1 ಕೋಟಿ 10 ಲಕ್ಷ ಕಾರು. ನಮ್ಮ ದೇಶದಲ್ಲೂ 3 ಲಕ್ಷ 23 ಸಾವಿರದ ಮೇಲೆ ಕಾರುಗಳನ್ನು ವಾಪಸು ಕರೆಸಿ ಸರಿಮಾಡುತ್ತೇವೆ ಅಂದರು, ಅದರಲ್ಲಿ ಆಡಿಗಳೂ ಇದ್ದವು. ಡೈರಿಗೆ ಹಾಲು ಹಾಕುವ ಹೆಂಗಸಿಗೆ ಜಿಡ್ಡು 3.5 ಇಲ್ಲ, ಎಸ್.ಎನ್.ಎಫ್. 8.5 ಇಲ್ಲ ಅಂತ ದಿನಾ ಎರಡು ಹೊತ್ತು ಪಾಯಿಂಟು ಪಾಯಿಂಟಿಗೆ ದುಡ್ಡು ಮುರಿಯುವ ನಾಡಿನಲ್ಲಿ ನಾವಿದ್ದೇವೆ.

ನೀರಿಗೆ ಬಿದ್ದ ಕಾರುಗಳ ಬಗ್ಗೆ ಒಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಕೋಟ್ಯಧೀಶರ ಬಡಾವಣೆಗಳಿಗೇ ನೀರು ನುಗ್ಗಿ ದುಬಾರಿ ಕಾರುಗಳು ಮುಳುಗಿದ್ದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದೀರಿ. ವಿಮೆಯವರು ಪೂರ್ತಿ ನಷ್ಟ ಅಂತ ದುಡ್ಡು ಕಟ್ಟಿಕೊಟ್ಟ ಗಾಡಿಗಳು ಹರಾಜಾಗಿ, ತೊಳೆದು ಒರೆಸಿ, ಯಾವುದಾದರೂ ಊರಿನಲ್ಲಿ ಮತ್ತೆ ಮಾರಾಟಕ್ಕೆ ಬರುವುದು ಈ ವ್ಯಾಪಾರದ ರೂಢಿ. ವಿಮೆಯವರ ಹತ್ತಿರ ಕಾರಿಗೊಂದು ಸವಕಳಿ ಪಟ್ಟಿಯೂ ಇದೆ: ಒಂದು ವರ್ಷದೊಳಗೆ 15, ಎರಡನೇ ವರ್ಷ 20, ಹೀಗೆ ಐದನೇ ವರ್ಷಕ್ಕೆ 50. ಹಾಗೆ ಕಳೆದರೂ 40 ಲಕ್ಷದ ಕಾರಿಗೆ 20 ಲಕ್ಷ ಬಂತು. ಅದೇ ಮುಂಗಾರಿನಲ್ಲಿ ನೀರು ನಿಂತು ಹೋದ ನಮ್ಮ ಮಳೆಯಾಶ್ರಿತ ಬೆಳೆಗೆ, ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿಕೊಟ್ಟ ಪರಿಹಾರ ಹೆಕ್ಟೇರಿಗೆ 13,600, ಅದೂ ಎರಡು ಹೆಕ್ಟೇರಿಗೆ ಮಾತ್ರ. ಐದು ಎಕರೆ ಮುಳುಗಿದವನಿಗೆ ಕೈಗೆ 27,200. ಆ ಕಾರಿನ ಒಂದು ಟೈರು ಮತ್ತು ಇನ್ನೊಂದರ ಚೂರು.

ಆದ್ದರಿಂದ ತಮ್ಮಂದಿರಾ, ಕೊಳ್ಳಲೇಬೇಕು ಅನ್ನೋ ಹಟ ಇದ್ದರೆ ಇಷ್ಟಾದರೂ ಮಾಡಿ. ಕಂಪನಿಯ ಸರ್ವೀಸು ಕೇಂದ್ರದಲ್ಲಿ ಆ ನಂಬರಿನ ಗಾಡಿಯ ಹಿಂದಿನ ಎಲ್ಲಾ ಸರ್ವೀಸಿನ ದಾಖಲೆ ತೆಗೆಸಿ, ಕಿಲೋಮೀಟರು ಅಲ್ಲೇ ಗೊತ್ತಾಗುತ್ತೆ. ವಿಮೆ ಕ್ಲೇಮು ಆಗಿದೆಯಾ ಕೇಳಿ. ಆರ್.ಸಿ.ಯಲ್ಲಿ ಫೈನಾನ್ಸಿನ ಹೆಸರು ಉಳಿದಿದೆಯಾ ನೋಡಿ. ದೆಹಲಿಯ ಹಳೇ ಡೀಸೆಲ್ ಗಾಡಿಗಳಿಗೆ ಹತ್ತು ವರ್ಷದ ಕಟ್ಟು ಬಿದ್ದ ಮೇಲೆ ಅಲ್ಲಿಯ ಬಹಳಷ್ಟು ಕಾರುಗಳು ಎನ್.ಒ.ಸಿ. ಹಿಡಿದು ದಕ್ಷಿಣಕ್ಕೆ ಬಂದಿವೆ. ಹೊರ ರಾಜ್ಯದ ಗಾಡಿಯನ್ನು ಇಲ್ಲೇ ಇಟ್ಟುಕೊಳ್ಳುವುದಾದರೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ನಮ್ಮಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ನೂರಕ್ಕೆ 18. ಹಳೇದಕ್ಕೆ ವಯಸ್ಸು ನೋಡಿ ದರ ಇಳಿಸುತ್ತಾರೆ, ಆದರೆ ಲೆಕ್ಕ ಹಿಡಿಯೋದು ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಅಂಗಡಿಯವನು ಇದನ್ನು ಬಾಯಿಬಿಟ್ಟು ಹೇಳೋಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಹೊರ ರಾಜ್ಯದ ನಂಬರು ಹಾಕ್ಕೊಂಡು ತೆರಿಗೆ ತಪ್ಪಿಸಿ ಓಡುತ್ತಿದ್ದ ದುಬಾರಿ ಕಾರುಗಳನ್ನು ಹಿಡಿದು ನಿಲ್ಲಿಸಿದರು. ದೊಡ್ಡವರು ವಕೀಲರನ್ನಿಟ್ಟು ಬಿಡಿಸಿಕೊಳ್ಳುತ್ತಾರೆ, ನಿಮ್ಮ ಗಾಡಿ ಅಲ್ಲೇ ಮಳೆಗೆ ನೆನೆಯುತ್ತೆ.

ಇದೆಲ್ಲಾ ಮಾಡುವ ಮೊದಲು ಅಪ್ಪ ಅವ್ವನ ಜೊತೆ ಒಂದು ಸಲ ಕೂತುಕೊಳ್ಳಿ. ಹದಿಮೂರು ಲಕ್ಷಕ್ಕೆ ಟ್ರಾಕ್ಟರು, ಕೊಳವೆಬಾವಿ, ನಾಲ್ಕು ಹಸು, ಯಾವುದು ಎಷ್ಟು ಬರುತ್ತೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಉಳಿದ ಜಮೀನಿನ ಮೇಲೆ ಹಳೇ ಸೊಸೈಟಿ ಸಾಲ ಇದ್ದರೆ ಅದನ್ನು ಮೊದಲು ತೀರಿಸಿ. ನೆಲ ಕೊಟ್ಟವನು ಆ ದುಡ್ಡಿನಲ್ಲಿ ಬೇರೆ ಕಡೆ ನೆಲ ಕೊಂಡರೆ ಹತ್ತು ವರ್ಷದ ಮೇಲೆ ಅದರ ಬೆಲೆ ಏನಾಗಿರುತ್ತೆ, ಹಳೇ ಕಾರಿನದ್ದು ಏನಾಗಿರುತ್ತೆ ಅಂತ ಯಾವ ಪಂಡಿತನನ್ನೂ ಕೇಳಬೇಕಾಗಿಲ್ಲ.

ಕೊನೆಯದಾಗಿ ಬ್ಯಾಂಕಿನ ಆ ಅಧಿಕಾರಿಯವರಿಗೆ ನಾವು ಮೂವರೂ ಸಹಿ ಹಾಕಿ ಒಂದು ಕಾಗದ ಕೊಟ್ಟಿದ್ದೇವೆ. ಕೇಳಿರುವುದು ಮೂರೇ ವಿಷಯ. ನಿಮ್ಮ ಶಾಖೆಯಲ್ಲಿ ಹೊಸ ಕಾರಿಗೆ, ಹಳೇ ಕಾರಿಗೆ, ಟ್ರಾಕ್ಟರಿಗೆ ಈ ತಿಂಗಳ ಬಡ್ಡಿ ದರ ಎಷ್ಟೆಷ್ಟು? ಯಾವುದಕ್ಕೆ ಜಮೀನು ಆಧಾರ ಕೇಳುತ್ತೀರಿ, ಯಾವ ನಿಯಮದ ಪ್ರಕಾರ? ಕಳೆದ ಮೂರು ವರ್ಷದಲ್ಲಿ ಕಂತು ತಪ್ಪಿದ ಕಾರಿನ ಸಾಲ ಎಷ್ಟು, ಟ್ರಾಕ್ಟರಿನ ಸಾಲ ಎಷ್ಟು? ಓದುಗರು ತಂತಮ್ಮ ಊರಿನ ಬ್ಯಾಂಕಿಗೂ ಇದೇ ಮೂರು ಪ್ರಶ್ನೆ ಬರೆದು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡು ಬನ್ನಿ. ನಮ್ಮ ಕಾಗದ ಕೊಟ್ಟು ಹತ್ತೊಂಬತ್ತು ದಿನವಾಯಿತು, ಉತ್ತರ ಬಂದಿಲ್ಲ. ಬಂದರೆ ಮುಂದಿನ ಸಂಚಿಕೆಗೆ ಇದ್ದದ್ದು ಇದ್ದ ಹಾಗೆ ಕಳಿಸುತ್ತೇನೆ.